ಡೊರೀನ್ ಮುಂದೆ ನಿಂತ ಶುಕ್ರವಾರಗಳು

ಇಂಗ್ಲಿಷ್ ಹಾಡು ಬಂದ್ರೆ ನಾನು ಮುಂದೆ ಹಾಡುವವನನ್ನು ಕೇಳುವುದೇ ಇಲ್ಲ. ಹಿಂದೆ ಆ ಅಂತ, ಊ ಅಂತ ಎಳೀತಾರಲ್ಲ, ಅವರನ್ನು ಕೇಳ್ತೇನೆ. ಮೊನ್ನೆ ಅಬುಧಾಬಿ ಕಡೆಯ ರುವೈಸಿನ ಸೂಪರ್‌ಮಾರ್ಕೆಟಲ್ಲಿ ಬಟಾಟೆ ಹೆಕ್ತಾ ಇದ್ದೆ. ಮೇಲೆ ಸೀಲಿಂಗಿನ ಸ್ಪೀಕರಲ್ಲಿ ಒಂದು ಹಳೆ ಹಾಡು ಬಂತು. ಹಾಡಿದವನ ಹೆಸರು ಎಲ್ಲರಿಗೂ ಗೊತ್ತು. ಎರಡನೇ ಸಾಲು ಮುಗಿಯುವಾಗ ಅವನ ಹಿಂದಿನಿಂದ ಒಂದು ಹೆಣ್ಣು ಸ್ವರ ಎದ್ದು ಬಂತು. ನನ್ನ ಬಲಗೈ ಹೆಬ್ಬೆರಳು ತನ್ನಷ್ಟಕ್ಕೇ ಮೇಲೆ ಹೋಯ್ತು. ಬಟಾಟೆ ಕೈಯಿಂದ ಜಾರಿ ಬಿದ್ದು ಉರುಳಿತು.

ಅದು ಡೊರೀನ್ ಬಾಯಿಯ ಸ್ವರ. ನಮ್ಮ ಕೊಂಕಣಿಯಲ್ಲಿ ದೊಡ್ಡ ಹೆಂಗಸರನ್ನು ಬಾಯಿ ಅಂತ ಕರೆಯುವುದು. ಅವರ ಜೊತೆ ಒಂದು ಸೀಸನ್ ಕೆಲಸ ಮಾಡಿದ್ದೆ. ಚಳಿ ಶುರುವಾದಲ್ಲಿಂದ ರಂಜಾನ್ ಬರುವವರೆಗೆ. ಆ ಸೀಸನ್ನಿನಲ್ಲಿ ಶುಕ್ರವಾರ ಮಧ್ಯಾಹ್ನ ನಾನು ನೆಟ್ಟಗೆ ಉಸಿರು ಬಿಟ್ಟದ್ದೇ ಇಲ್ಲ.

ನಾನು ಬೆಳ್ಮಣ್ ಕಡೆಯವ, ಲ್ಯಾನ್ಸಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ. ಊರಲ್ಲಿ ಸೌಂಡ್ಸಿನವರ ಜೊತೆ ತಿರುಗಿ ಮದುವೆಗೆ, ಮದುವೆಯ ಹಿಂದಿನ ದಿನದ ರೋಸಿಗೆ, ಯಕ್ಷಗಾನಕ್ಕೆ ಮೈಕ್ ಕಟ್ಟಿದವ. ದುಬೈಗೆ ಬಂದದ್ದೂ ಅದೇ ಕೆಲಸಕ್ಕೆ. ಹೋಟೆಲುಗಳಿಗೆ ಸ್ಪೀಕರ್, ಮೈಕ್, ಜನ ಎಲ್ಲ ಒಟ್ಟಿಗೆ ಕಳಿಸುವ ಒಂದು ಸಣ್ಣ ಕಂಪನಿ. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ರೂಮು. ಮೇಲಿನ ಬಂಕಲ್ಲಿ ನಾನು, ಕೆಳಗೆ ಅಶ್ರಫಾಕ. ಅಶ್ರಫಾಕ ಉಪ್ಪಿನಂಗಡಿಯ ಬ್ಯಾರಿ, ಕಂಪನಿಯ ಪಿಕಪ್ ಓಡಿಸುವವರು. ನಾನು ಮಿಕ್ಸರಿನ ಮುಂದೆ ಕೂತು ಸ್ವರ ಏರಿಸುವ ಇಳಿಸುವ ಗುಂಡಿ ದೂಡುವವ.

ಆ ಸಲ ನಮಗೆ ಸಿಕ್ಕಿದ್ದು ಅಬುಧಾಬಿಯ ಒಂದು ದೊಡ್ಡ ಹೋಟೆಲ್, ಸಮುದ್ರದ ಬದಿಯಲ್ಲೇ. ಪ್ರತಿ ಶುಕ್ರವಾರ ಮಧ್ಯಾಹ್ನ ಬ್ರಂಚ್. ಅಂದ್ರೆ ಬೆಳಗ್ಗಿನ ತಿಂಡಿ, ಮಧ್ಯಾಹ್ನದ ಊಟ ಎರಡನ್ನೂ ಸೇರಿಸಿ ಸಾಯಂಕಾಲದವರೆಗೆ ತಿನ್ನುವುದು. ತಿನ್ನುವವರ ಎದುರು ಹಾಡ್ಲಿಕ್ಕೆ ಲಂಡನಿನಿಂದ ಒಬ್ಬರು ಬರ್ತಾರೆ ಅಂತ ಹೇಳಿದ್ರು. ನಾನು ಗಿಡ್ಡ ಸ್ಕರ್ಟಿನ ಹುಡುಗಿ ಅಂತ ಗ್ರಹಿಸಿದ್ದೆ. ಬಂದದ್ದು ನಮ್ಮಮ್ಮನ ಪ್ರಾಯದವರು. ಕನ್ನಡಕ, ಚಪ್ಪಟೆ ಚಪ್ಪಲಿ, ಹೆಗಲಿಗೆ ಒಂದು ಬಟ್ಟೆಯ ಚೀಲ.

"ಡೊರೀನ್" ಅಂತ ಕೈ ಕೊಟ್ರು.

"ನನ್ನ ಮೌಶಿ ಹೆಸರೂ ಡೊರೀನ್, ಅಮ್ಮನ ತಂಗಿ" ಅಂದೆ ನನ್ನ ಹರಕು ಇಂಗ್ಲಿಷಿನಲ್ಲಿ.

"ಅವರು ಹಾಡ್ತಾರಾ?"

"ಇಲ್ಲ, ಬೈತಾರೆ."

ನಗಾಡಿದ್ರು. "ಸರಿ ಲವ್, ಮೈಕ್ ಕೊಡು." ನನಗೆ ಕಿವಿ ಕೆಂಪಾಯ್ತು. ಆಮೇಲೆ ನೋಡಿದ್ರೆ ಅವರ ಊರಲ್ಲಿ ಎಲ್ಲರೂ ಲವ್. ಬಾಗಿಲು ತೆಗೆಯುವವ ಲವ್, ಅಶ್ರಫಾಕ ಲವ್. "ಪೊರ್ಬುವೇ, ಈ ಬಾಯಮ್ಮ ಹೀಗೆ ಕರೆಯುವುದು ನನ್ನ ಹೆಂಡತಿಗೆ ಗೊತ್ತಾದ್ರೆ ನನ್ನ ಕತೆ ಖಲಾಸ್" ಅಂತ ಅಶ್ರಫಾಕ. ಕೊಂಕಣಿ ಕ್ರಿಸ್ತರನ್ನು ನಮ್ಮ ಕಡೆ ಪೊರ್ಬು ಅಂತ ಕರೆಯುವುದು.

ಲಾಬಿಯಲ್ಲಿ ಡೊರೀನ್ ಬಾಯಿಯ ಫೋಟೋ ಹಾಕಿ ಒಂದು ಬೋರ್ಡ್ ನಿಲ್ಲಿಸಿದ್ರು. ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು. ಪ್ರತಿ ಶುಕ್ರವಾರ ಅವರು ಅದರ ಎದುರು ನಿಂತು ಚೀಲದಲ್ಲಿ ಎಂತದೋ ಹುಡುಕುವ ಹಾಗೆ ಮಾಡ್ತಿದ್ರು. ಹುಡುಕ್ಲಿಕ್ಕೆ ಎಂತ ಇತ್ತು ಅದರಲ್ಲಿ? ಬೋರ್ಡ್ ನೋಡುವುದು ಅಷ್ಟೇ. ನನಗೆ ಮೊದಲು ನಗೆ ಬಂತು. ಆಮೇಲೆ ಅವರ ಕತೆ ಕೇಳಿದ ಮೇಲೆ ಬರ್ಲಿಲ್ಲ.

ವಯರ್ ಎಳೆಯುವಾಗ ಸ್ವಲ್ಪ ಸ್ವಲ್ಪವೇ ಹೇಳಿದ್ರು. ಹತ್ತೊಂಬತ್ತನೇ ಪ್ರಾಯದಿಂದ ಸ್ಟುಡಿಯೋದಲ್ಲಿ ಹಾಡಿದ್ದು. ಬೆಳಗ್ಗೆ ಒಬ್ಬ ದೊಡ್ಡವನ ಹಾಡಿಗೆ ಹಿಂದಿನಿಂದ ಆ, ಮಧ್ಯಾಹ್ನ ಸೋಪಿನ ಜಾಹೀರಾತಿಗೆ ಊ. ಅದಲ್ಲದೆ ಇನ್ನೊಂದು ಕೆಲಸ. ದೊಡ್ಡ ಗಾಯಕರಿಗೆ ಹೊಸ ಹಾಡು ಗೊತ್ತಿರುವುದಿಲ್ಲ, ಅವರಿಗೆ ಕಲಿಯಲಿಕ್ಕೆ ಅಂತ ಇವರು ಮೊದಲು ಪೂರ್ತಿ ಹಾಡು ಹಾಡಿ ಕೊಡುವುದು. ಅವರು ಅದನ್ನು ಕೇಳಿ ಕಲಿತು ಹಾಡ್ತಾರೆ, ಇವರದ್ದನ್ನು ಅಳಿಸ್ತಾರೆ. ಇವರೇ ಕಟ್ಟಿದ ಹಾಡುಗಳೂ ಹಾಗೇ ಹೋದವು. ಕೊನೆಗೆ ಹಿಂದಿನ ಸ್ವರ ಕಂಪ್ಯೂಟರೇ ಮಾಡ್ಲಿಕ್ಕೆ ಶುರು ಮಾಡ್ತು. ಇವರಿಗೆ ಫೋನ್ ಬರುವುದು ನಿಂತಿತು.

"ಮುಂದಿನವ ತಪ್ಪಿದ್ರೆ ಹಿಂದಿನಿಂದ ನಾವು ಹಿಡೀಬೇಕು" ಅಂತ ಒಮ್ಮೆ ಹೇಳಿದ್ರು. "ಹಿಡಿದದ್ದು ಯಾರಿಗೂ ಗೊತ್ತಾಗ್ಬಾರದು. ಗೊತ್ತಾದ್ರೆ ನಮ್ಮ ಕೆಲಸ ಕೆಟ್ಟಿತು ಅಂತ."

ಈ ಹೋಟೆಲ್ ಒಂದೇ ಅವರಿಗೆ ಮುಂದೆ ನಿಂತು ಹಾಡ್ಲಿಕ್ಕೆ ಸಿಕ್ಕಿದ ಜಾಗ. ಸೀಸನ್ ಪೂರ್ತಿ ಮಾಡಿದ್ರೆ ಮತ್ತೆ ಬೇರೆಯವರು ಕರೀಬಹುದು. ಅರ್ಧಕ್ಕೆ ಕಳಿಸಿದ್ರೆ ಸುದ್ದಿ ಹೋಗ್ತದೆ, ಮತ್ತೆ ಯಾರೂ ಕರೆಯುವುದಿಲ್ಲ. ಅಷ್ಟೇ ವಿಷಯ.

ಶುರುವಿನಲ್ಲಿ ಗಮ್ಮತ್ತಿತ್ತು. ಹೊರಗೆ ಹುಲ್ಲಿನ ಮೇಲೆ ಸ್ಟೇಜು. ಬಿಸಿಲೂ ಹಿತ, ಸಮುದ್ರದ ಗಾಳಿ. ಅಶ್ರಫಾಕ ನನ್ನನ್ನೂ ಸಾಮಾನನ್ನೂ ಇಳಿಸಿ ಜುಮ್ಮಾ ನಮಾಜಿಗೆ ಹೋಗಿ ಬರ್ತಿದ್ರು. ಡೊರೀನ್ ಬಾಯಿಗೆ ಬ್ಯಾಂಡಿಲ್ಲ. ಬಾಜಾ ಎಲ್ಲ ಲ್ಯಾಪ್‌ಟಾಪಿನಿಂದ ಬರುವುದು. ಆದ್ರೂ ಹಾಡುವವರದ್ದು ಒಂದು ಪದ್ಧತಿ ಉಂಟಲ್ಲ, ಕೊನೆಗೆ ಬಾರಿಸಿದವರ ಹೆಸರು ಹೇಳುವುದು, ಅದನ್ನು ಬಿಡ್ತಿರಲಿಲ್ಲ. "ಸೌಂಡಿನಲ್ಲಿ ಲ್ಯಾನ್ಸಿ!" ಅಂತ ನನ್ನ ಕಡೆ ಕೈ ತೋರಿಸುವುದು. ಜನ ಪುಡ್ಡಿಂಗ್ ತಿನ್ನುವುದರಲ್ಲಿ. ಯಾರೂ ತಿರುಗುವುದಿಲ್ಲ. ಆದ್ರೂ ನಾನು ಕೂದಲು ಸರಿ ಮಾಡಿಕೊಳ್ತಿದ್ದೆ.

ಜನವರಿಯಲ್ಲಿ ಮಂಜು. ದಾರಿಯಲ್ಲಿ ಎದುರಿನ ಲಾರಿ ಕಾಣ್ತಿರಲಿಲ್ಲ. ಅದೇ ಸಮಯದಲ್ಲಿ ಒಂದು ಶುಕ್ರವಾರ ಅವರ ಸ್ವರ ಮೇಲೆ ಹೋಗುವಾಗ ಒಡೀತು. ಬಟ್ಟೆ ಹರಿದ ಹಾಗೆ ಒಂದು ಸದ್ದು. ಅವರು ನಕ್ಕು ಮೈಕ್ ದೂರ ಹಿಡಿದ್ರು. ಮುಂದಿನ ವಾರ ಎರಡು ಸಲ. ಆಮೇಲೆ ಎತ್ತರದ ಜಾಗ ಬಂದಾಗೆಲ್ಲ ನನಗೆ ಅವರ ಕುತ್ತಿಗೆಯ ನರ ನೋಡುವುದೇ ಕೆಲಸ. ನರ ಎದ್ದರೆ ಒಡೀತದೆ ಅಂತ ಲೆಕ್ಕ.

"ಊರಲ್ಲಿ ಭಾಗವತರಿಗೆ ಗಂಟಲು ಕಟ್ಟಿದ್ರೆ ಚೆಂಡೆಯವ ಜೋರು ಬಾರಿಸ್ತಾನೆ" ಅಂತ ನಾನು ಹೇಳಿದೆ. ಚೆಂಡೆ ಅಂದ್ರೆ ಎಂತ ಅಂತ ಕೈಯಲ್ಲಿ ಬಡಿದು ತೋರಿಸಿದೆ. ಅವರಿಗೆ ಖುಷಿಯಾಯ್ತು. ಹಾಗೇ ಮಾಡಿದೆವು. ಎತ್ತರದ ಜಾಗದಲ್ಲಿ ನಾನು ಡ್ರಮ್ ಏರಿಸುವುದು, ಮತ್ತೆ ಇಳಿಸುವುದು. ಹೊರಗೆ ಗಾಳಿ ಇತ್ತಲ್ಲ, ಅರ್ಧ ತಪ್ಪನ್ನು ಗಾಳಿಯೇ ಹೊತ್ತುಕೊಂಡು ಹೋಗ್ತಿತ್ತು. ಬೆಳಗ್ಗೆ ನಮ್ಮ ರೂಮಲ್ಲೇ ಶುಂಠಿ, ಕರಿಮೆಣಸು ಹಾಕಿ ಕಷಾಯ ಕುದಿಸಿ ಫ್ಲಾಸ್ಕಲ್ಲಿ ಒಯ್ಯುತ್ತಿದ್ದೆ. ಕಣ್ಣಲ್ಲಿ ನೀರು ಬರುವಷ್ಟು ಖಾರ. ಗಟಗಟ ಕುಡೀತಿದ್ರು.

ಮಾರ್ಚಿನಲ್ಲಿ ಧೂಳು ಎದ್ದಿತು. ಆಕಾಶ ಚಾ ಬಣ್ಣ. ಅವರ ಗಂಟಲು ಕಷಾಯಕ್ಕೂ ಡ್ರಮ್ಮಿಗೂ ಬಗ್ಗುವ ಹಾಗೆ ಇರ್ಲಿಲ್ಲ. ಹೋಟೆಲಿನ ಊಟದ ವಿಭಾಗ ನೋಡಿಕೊಳ್ಳುವ ಮ್ಯಾನೇಜರ್ ಜಾರ್ಜ್ ಸರ್, ಲೆಬನಾನಿನವರು, ಸ್ಟೇಜಿನ ಹತ್ತಿರ ಬಂದು ನಿಂತ್ರು. ಹಾಡು ಮುಗಿದ ಮೇಲೆ ಡೊರೀನ್ ಬಾಯಿಗೆ ಎಂತ ಹೇಳ್ಲಿಲ್ಲ. ನನಗೆ ಹೇಳಿದ್ರು.

"ಮೈಕ್ ಹಾಳಾ, ಗಂಟಲು ಹಾಳಾ?"

"ಮೈಕ್, ಸರ್."

"ಮುಂದಿನ ಶುಕ್ರವಾರ ಒಳ್ಳೇ ಮೈಕ್ ತಾ. ಇಲ್ಲದಿದ್ರೆ ನಾನು ಒಳ್ಳೇ ಗಂಟಲು ತರ್ತೇನೆ. ಯಲ್ಲಾ."

ಯಲ್ಲಾ ಅಂದ್ರೆ ಅರಬಿಯಲ್ಲಿ ಹೊರಡು, ಬೇಗ ಮಾಡು. ಸಾಮಾನು ತುಂಬುವಾಗ ಡೊರೀನ್ ಬಾಯಿಗೆ ಹೇಳಿದೆ. ಮುಚ್ಚಿಟ್ಟು ಎಂತ ಮಾಡುವುದು? ಅವರು ಪಿಕಪ್ಪಿನ ಹಿಂದಿನ ಹಲಗೆ ಮೇಲೆ ಕೂತು ತುಂಬ ಹೊತ್ತು ಚಪ್ಪಲಿಯ ಮರಳು ಕೊಡವಿದ್ರು. ಮತ್ತೆ ಚೀಲದಿಂದ ಒಂದು ಡಿಸ್ಕ್ ತೆಗೆದ್ರು.

ಅದರಲ್ಲಿ ಇದ್ದದ್ದು ಅವರ ಹಳೇ ಹಾಡುಗಳು. ಗಾಯಕರಿಗೆ ಕಲಿಸ್ಲಿಕ್ಕೆ ಹಾಡಿ ಕೊಟ್ಟದ್ದು, ಇವರೇ ಹಿಂದಿನಿಂದ ಹಾಡಿದ್ದು, ಬಾಜಾ, ಎಲ್ಲ ಬೇರೆ ಬೇರೆಯಾಗಿ. ಸ್ಟುಡಿಯೋದ ಒಬ್ಬ ಹಳೇ ದೋಸ್ತಿ ಅಳಿಸದೆ ಇಟ್ಟು ಕೊಟ್ಟದ್ದಂತೆ. ಬ್ರಂಚಲ್ಲಿ ಜನ ಕೇಳುವ ಹಾಡುಗಳಲ್ಲಿ ಎಷ್ಟೋ ಇವರೇ ಹಿಂದೆ ಹಾಡಿದ ಹಾಡುಗಳು.

"ಇದನ್ನು ನನ್ನ ಸ್ವರದ ಕೆಳಗೆ ಇಡು ಲವ್" ಅಂದ್ರು. "ನಾನು ಒಡೆಯುವಲ್ಲಿ ಅವಳನ್ನು ಏರಿಸು. ಒಡೆಯದ ಕಡೆ ಇಳಿಸು."

ಅವಳು ಅಂದ್ರೆ ಇಪ್ಪತ್ತೆಂಟನೇ ಪ್ರಾಯದ ಡೊರೀನ್.

ಲೈವ್ ಅಂತ ಬೋರ್ಡ್ ಹಾಕಿ ರೆಕಾರ್ಡ್ ಕೇಳಿಸಿದ್ದು ಗೊತ್ತಾದ್ರೆ ಅವರ ವೀಸಾವೂ ಹೋಯ್ತು, ನನ್ನದೂ ಹೋಯ್ತು. ಅಶ್ರಫಾಕನ ಮುಖ ನೋಡಿದೆ. ಅಶ್ರಫಾಕ ಹಗ್ಗ ಬಿಗಿಯುತ್ತಾ, "ನನ್ನನ್ನು ಎಂತಕ್ಕೆ ನೋಡ್ತೀ? ನಾನು ಡ್ರೈವರ್. ನನಗೆ ಎಂತದೂ ಕೇಳಿಸ್ಲಿಲ್ಲ" ಅಂದ್ರು. ಸ್ವಲ್ಪ ಬಿಟ್ಟು, "ಆದ್ರೆ ಆ ಬಾಯಮ್ಮನನ್ನು ಏರ್‌ಪೋರ್ಟಿಗೆ ಬಿಡುವ ಕೆಲಸ ನನಗೆ ಬೇಡ ಮಾರಾಯ" ಅಂದ್ರು.

ಹಾಗೆ ಶುರುವಾಯ್ತು. ಲ್ಯಾಪ್‌ಟಾಪಿನಿಂದ ಎರಡು ಕಪ್ಪು ವಯರ್. ಒಂದರಲ್ಲಿ ಅವರ ಹಳೇ ಮುಂದಿನ ಸ್ವರ. ಅದು ಜನರಿಗೆ ಹೋಗುವ ಸ್ಪೀಕರಿಗೆ. ಇನ್ನೊಂದರಲ್ಲಿ ಹಿಂದಿನ ಆ, ಊ. ಅದು ಡೊರೀನ್ ಬಾಯಿಯ ಕಾಲ ಹತ್ತಿರದ ಸಣ್ಣ ಸ್ಪೀಕರಿಗೆ, ಅವರಿಗೆ ಶ್ರುತಿ ಹಿಡೀಲಿಕ್ಕೆ. ಗುರುತಿಗೆ ಮೊದಲನೇ ವಯರಿಗೆ ಕೆಂಪು ಟೇಪು ಸುತ್ತಿದೆ. ಹಾಡುವಾಗ ನನ್ನ ಹೆಬ್ಬೆರಳು ಗುಂಡಿ ಮೇಲೆ, ಕಣ್ಣು ಅವರ ಕುತ್ತಿಗೆ ಮೇಲೆ. ನರ ಎದ್ದಿತು, ದೂಡು. ನರ ಇಳೀತು, ಎಳಿ. ಚೂರು ತಡವಾದ್ರೆ ಒಂದು ಬಾಯಿ, ಎರಡು ಸ್ವರ. ಅಂಗಿ ಬೆನ್ನಿಗೆ ಅಂಟ್ತಿತ್ತು. ಮೊದಲನೇ ಸಲ ಸರಿಯಾದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಡೊರೀನ್ ಬಾಯಿ ತಲೆ ಬಗ್ಗಿಸಿದ್ರು, ಖುಷಿಯಲ್ಲಿ ಅಲ್ಲ. ಸಿಕ್ಕಿಬಿದ್ದವರ ಹಾಗೆ.

ಒಂದು ವಾರ ಅವರಿಗೆ ಕೆಮ್ಮು ಬಂತು, ಹಾಡಿನ ಮಧ್ಯವೇ. ಬಾಯಿಗೆ ಕೈ ಅಡ್ಡ ಹಿಡಿದು ತಿರುಗಿದ್ರು. ಸ್ವರ ಮಾತ್ರ ಸ್ಪೀಕರಲ್ಲಿ ಚಂದಕ್ಕೆ ಹಾಡ್ತಾ ಇತ್ತು. ನಾನು ಗುಂಡಿ ಎಳೆಯುವಷ್ಟರಲ್ಲಿ ಎದುರಿನ ಟೇಬಲಿನ ಒಂದು ಸಣ್ಣ ಹುಡುಗಿ ಇಂಗ್ಲಿಷಿನಲ್ಲಿ ಬೊಬ್ಬೆ ಹಾಕಿದ್ಲು, "ಮಮ್ಮಿ, ಅವರ ಬಾಯಿ ಮುಚ್ಚಿದೆ!" ಅವಳ ಅಮ್ಮ ಉಡುಪಿ ಕನ್ನಡದಲ್ಲಿ, "ಸುಮ್ನೆ ಕೂತು ತಿನ್ನು, ಎಲ್ಲರದ್ದೂ ಬಾಯಿ ನೋಡ್ಬೇಡ" ಅಂತ ಗದರಿದ್ರು. ಬಾಗಿಲ ಹತ್ತಿರ ಜಾರ್ಜ್ ಸರ್ ನಿಂತಿದ್ರು. ಕೇಳಿಸ್ತೋ ಇಲ್ಲವೋ ಗೊತ್ತಿಲ್ಲ. ಆ ವಾರವಿಡೀ ಫೋನ್ ಬಂದಾಗೆಲ್ಲ ಅದೇ ಸುದ್ದಿ ಅಂತ ಗ್ರಹಿಸುವುದು. ಅಶ್ರಫಾಕ ಕೆಳಗಿನ ಬಂಕಿನಿಂದ, "ಲ್ಯಾನ್ಸಿ, ನೀನು ಮೇಲೆ ಹೊರಳುವಾಗ ನನ್ನ ಮೇಲೆ ತುಕ್ಕು ಉದುರ್ತದೆ. ಹೆದರುವುದಾದ್ರೆ ಒಂದೇ ಬದಿಗೆ ಹೆದರು" ಅಂತ.

ಸೆಕೆ ಏರಿತು. ಬ್ರಂಚ್ ಹುಲ್ಲಿನ ಮೇಲಿನಿಂದ ಒಳಗಿನ ಹಾಲಿಗೆ ಬಂತು. ಅದು ನನಗೆ ಯಮನ ಮನೆಗೆ ಬಂದ ಹಾಗೆ. ಒಳಗೆ ಗಾಳಿ ಇಲ್ಲ, ತಪ್ಪನ್ನು ಹೊತ್ತೊಯ್ಯಲಿಕ್ಕೆ ಯಾರೂ ಇಲ್ಲ. ಚಮಚ ಬಿದ್ರೂ ಕೇಳ್ತದೆ. ರಂಜಾನಿಗೆ ಇನ್ನು ಕೆಲವೇ ಶುಕ್ರವಾರ. ರಂಜಾನಿನಲ್ಲಿ ಹಾಡು ಬಂದ್, ಸೀಸನ್ ಮುಗೀತದೆ. ಅಷ್ಟು ದಾಟಿದ್ರೆ ಸಾಕು ಅಂತ ನಾನು ಅಲ್ಲೇ ನಿಂತು ಮಾತೆ ಮರಿಯಮ್ಮನಿಗೆ ಹೇಳಿದೆ.

ಮುಂದಿನ ಶುಕ್ರವಾರ ಮತ್ತೆ ಧೂಳು. ದಾರಿಯಲ್ಲಿ ಗಾಡಿಗಳು ಸಾಲಾಗಿ ನಿಂತಿದ್ವು. ಎರಡೂ ವಯರು ಪಿಕಪ್ಪಿನ ಹಿಂದೆ ಬಿಸಿಲಲ್ಲಿ. ನಾವು ಮುಟ್ಟುವಾಗ ಜನ ತಟ್ಟೆ ಹಿಡಿದು ನಿಂತಾಗಿತ್ತು. ಒಮ್ಮೆ ಹಾಡಿಸಿ ನೋಡ್ಲಿಕ್ಕೂ ಸಮಯ ಇಲ್ಲ. ಒಳಗಿನ ಹಾಲಲ್ಲಿ ನನ್ನ ಮಿಕ್ಸರ್ ಸ್ಟೇಜಿನ ಬದಿಯ ಪರದೆಯ ಹಿಂದೆ, ಸಂದಿನಲ್ಲಿ ಅವರ ಕುತ್ತಿಗೆ ಕಾಣ್ತದೆ. ವಯರ್ ಎತ್ತಿಕೊಂಡೆ. ಕೆಂಪು ಟೇಪಿಲ್ಲ. ಬಿಸಿಗೆ ಗೋಂದು ಕರಗಿ ಎಲ್ಲಿಯೋ ಉದುರಿ ಹೋಗಿದೆ. ಎರಡೂ ಕಪ್ಪು. ಹೊರಗೆ ಜಾರ್ಜ್ ಸರ್ ಯಲ್ಲಾ ಯಲ್ಲಾ ಅಂತಿದ್ದಾರೆ. ಒಂದನ್ನು ಇಲ್ಲಿ, ಒಂದನ್ನು ಅಲ್ಲಿ ಚುಚ್ಚಿದೆ.

ಮೊದಲ ಹಾಡು. ಅವರೇ ಕಟ್ಟಿದ್ದು, ಬೇರೆ ಯಾರೋ ಹಾಡಿ ಹೆಸರು ಮಾಡಿದ್ದು. ಕುತ್ತಿಗೆಯ ನರ ಎದ್ದಿತು. ನಾನು ಗುಂಡಿ ದೂಡಿದೆ.

ಹಾಲಿನ ತುಂಬ ಬಂದದ್ದು ಮುಂದಿನ ಸ್ವರ ಅಲ್ಲ. ಹಿಂದಿನ ಆ.

ಅವರು ಬಾಯಿ ತೆರೆದವರು ಹಾಗೇ ನಿಂತ್ರು. ಒಂದು ಸಾಲು ಖಾಲಿ ಹೋಯ್ತು. ಮುಂದೆ ಯಾರೂ ಇಲ್ಲ, ಹಿಂದೆ ಒಂದು ಹುಡುಗಿ ಮಾತ್ರ ಮೇಲೆ ಎಲ್ಲೋ ಆ ಅಂತ ಎಳೀತಾ ಇದ್ದಾಳೆ. ಇಳಿಸ್ಬೇಕಾ? ಇಳಿಸಿದ್ರೆ ಅವರು ಒಂಟಿ, ಒಡೀತಾರೆ. ಹೆಬ್ಬೆರಳನ್ನು ಅಲ್ಲೇ ಇಟ್ಟೆ. ಅವರು ತಿರುಗಿ ನನ್ನನ್ನು ನೋಡಿದ್ರು. ಬೈತಾರೆ ಅಂತ ನಾನು. ಬೈಲಿಲ್ಲ. ಕೈ ಚೂರೇ ಎತ್ತಿದ್ರು, ಹಾಗೇ ಇರ್ಲಿ ಅಂತ.

ಮತ್ತೆ ಅವರು ಸ್ವರವನ್ನು ಕೆಳಗೆ ಇಳಿಸಿದ್ರು. ಅದೇ ಹಾಡು, ಆದ್ರೆ ಒಂದು ಇಡೀ ಏಣಿಯಷ್ಟು ಕೆಳಗಿನ ಸ್ವರದಲ್ಲಿ. ಹೆಚ್ಚುಕಡಿಮೆ ಮಾತಾಡಿದ ಹಾಗೆ. ಇಷ್ಟು ದಿನ ಅಷ್ಟು ಕೆಳಗೆ ಅವರು ಹಾಡಿದ್ದೇ ಇಲ್ಲ. ಬರೀ ಕೆಳಗಿನ ಸ್ವರ ಬೋಳು ಬೋಳಾಗಿ ಕೇಳ್ತದೆ ಅಂತ ಹೆದರಿಕೆ. ಈಗ ಮೇಲಿನ ಜಾಗವನ್ನು ಆ ಹುಡುಗಿ ತುಂಬಿದ್ಲು. ಕೆಳಗೆ ಇವರು ಹಳೇ ಬಾಗಿಲು ತೆಗೆದ ಹಾಗೆ ಕರಕರ ಸ್ವರದಲ್ಲಿ ಒಂದೊಂದೇ ಮಾತು ಇಟ್ರು. ಕುತ್ತಿಗೆಯ ನರ ಏಳಲೇ ಇಲ್ಲ. ತಟ್ಟೆಯ ಸದ್ದು ಮೆಲ್ಲ ಮೆಲ್ಲ ನಿಂತಿತು. ಹಾಡು ಮುಗಿದ ಮೇಲೆ ಒಂದು ಗಳಿಗೆ ಚಪ್ಪಾಳೆಯೂ ಇಲ್ಲ. ನಾನು ಅಲ್ಲಿಗೆ ಎಲ್ಲ ಖಲಾಸ್ ಅಂತ ಗ್ರಹಿಸಿದೆ. ಮತ್ತೆ ಬಂತು.

ಮಧ್ಯದ ಬಿಡುವಿನಲ್ಲಿ ಜಾರ್ಜ್ ಸರ್ ಪರದೆ ಸರಿಸಿ ಒಳಗೆ ಬಂದ್ರು. ಮುಖ ಕೆಂಪು.

"ಎಲ್ಲಿ ಆ ಇನ್ನೊಬ್ಬಳು?"

"ಯಾರು ಸರ್?"

"ಹಾಡಿದವಳು! ಪರ್ಮಿಟಿಲ್ಲದೆ ಒಬ್ಬಳನ್ನು ಒಳಗೆ ತಂದಿದ್ದೀಯಾ? ಚೆಕ್ಕಿಂಗಿನವರು ಬಂದ್ರೆ ಯಾರು ಉತ್ತರ ಕೊಡುವುದು, ನೀನಾ?"

"ಇಲ್ಲ ಸರ್. ಯಾರೂ ಇಲ್ಲ."

ಬಗ್ಗಿ ಮೇಜಿನ ಕೆಳಗಿನ ಕಪ್ಪು ಬಟ್ಟೆ ಎತ್ತಿ ನೋಡಿದ್ರು. ಸ್ಪೀಕರಿನ ಹಿಂದೆ ನೋಡಿದ್ರು. ಅಷ್ಟೊತ್ತಿಗೆ ಡೊರೀನ್ ಬಾಯಿ ಬಂದ್ರು.

"ಅದು ನಾನೇ" ಅಂದ್ರು.

"ಅದು ಹುಡುಗಿಯ ಸ್ವರ."

"ಹೌದು. ಆಗ ಹುಡುಗಿ."

ಜಾರ್ಜ್ ಸರ್ ನಂಬಲಿಲ್ಲ. "ಹಾಕು, ಅದೊಂದೇ ಹಾಕು" ಅಂತ ನನಗೆ ಹೇಳಿದ್ರು. ಬಾಜಾ ನಿಲ್ಲಿಸಿ, ಸಣ್ಣ ಸ್ಪೀಕರಲ್ಲಿ ಆ ಹಿಂದಿನ ಸ್ವರ ಒಂದನ್ನೇ ಹಾಕಿದೆ. ಮಾತಿಲ್ಲ, ತಾಳ ಇಲ್ಲ. ಬರೀ ಆ. ಮಧ್ಯ ಮಧ್ಯ ಉಸಿರು ತೆಗೆದದ್ದು ಕೇಳ್ತಿತ್ತು. ಡೊರೀನ್ ಬಾಯಿ ಎರಡೂ ಕೈ ಕಟ್ಟಿ ನಿಂತು ಕೇಳಿದ್ರು. ಯಾರದ್ದೋ ಮಗಳು ಹಾಡುವುದನ್ನು ಕೇಳಿದ ಹಾಗೆ.

"ಇಲ್ಲಿ ಬೇಗ ಬಿಟ್ಟಿದ್ದಾಳೆ" ಅಂದ್ರು ಒಂದು ಕಡೆ. "ಇನ್ನು ಚೂರು ಹಿಡೀಬೇಕಿತ್ತು."

ಜಾರ್ಜ್ ಸರ್ ಡೊರೀನ್ ಬಾಯಿಯ ಮುಖ ನೋಡಿದ್ರು, ಮತ್ತೆ ನನ್ನ ಹೆಬ್ಬೆರಳು ನೋಡಿದ್ರು. "ಹಿಂದಿನ ಸ್ವರಕ್ಕೆ ರೆಕಾರ್ಡ್ ಎಲ್ಲ ಹೋಟೆಲಿನವರೂ ಹಾಕ್ತಾರೆ. ಅದಕ್ಕೆ ಎಂತ ಇಲ್ಲ" ಅಂದ್ರು. ನಾನು ವಯರ್ ಎತ್ತಿಕೊಳ್ಳಲಿಕ್ಕೆ ಬಗ್ಗಿದೆ. "ಆದ್ರೆ ಇಷ್ಟು ವಾರ ಮುಂದೆ ಹಾಡ್ತಿದ್ದದ್ದು ಯಾರು?"

ಡೊರೀನ್ ಬಾಯಿ ಸುಳ್ಳು ಹೇಳ್ಲಿಲ್ಲ, ನಿಜವನ್ನೂ ಹೇಳ್ಲಿಲ್ಲ.

"ಇವತ್ತು ಹಾಡಿದ್ದು ನಾನು. ನನ್ನ ಸ್ವರ ಇನ್ನು ಇಷ್ಟೇ. ಬೇಕಾ, ಬೇಡವಾ, ಅದು ಹೇಳಿ."

ಹೊರಗೆ ಯಾರೋ ಗ್ಲಾಸಿಗೆ ಚಮಚ ಬಡೀತಿದ್ರು. ಜಾರ್ಜ್ ಸರ್ ಪರದೆಯ ಸಂದಿನಲ್ಲಿ ಇಣುಕಿದ್ರು. "ಕಿಟಕಿ ಹತ್ತಿರದ ಟೇಬಲಿನವರು ಆ ಹಾಡು ಇನ್ನೊಮ್ಮೆ ಕೇಳ್ತಿದ್ದಾರೆ" ಅಂದ್ರು. "ಯಲ್ಲಾ." ಹೋದ್ರು. ಅವರಿಗೆ ಎಲ್ಲ ಗೊತ್ತಾಗಿತ್ತು ಅಂತ ನಾನು ಈಗಲೂ ಹೇಳ್ತೇನೆ. ಇಲ್ಲ ಅಂತ ಅಶ್ರಫಾಕ.

ಉಳಿದ ಶುಕ್ರವಾರಗಳನ್ನು ಹಾಗೇ ಹಾಡಿದ್ರು, ಕೆಳಗೆ. ಮುಂದಿನ ಸ್ವರದ ವಯರನ್ನು ಅವರೇ ಸುತ್ತಿ ಚೀಲಕ್ಕೆ ಹಾಕಿದ್ರು. ಆದ್ರೂ ನನ್ನ ಹೆದರಿಕೆ ಹೋಗ್ಲಿಲ್ಲ. ಮುಚ್ಚಿಕೊಳ್ಳಲಿಕ್ಕೆ ಎಂತ ಇಲ್ಲದ ಮೇಲೆ, ಬಿದ್ರೆ ಹಿಡಿಯುವವರೂ ಇಲ್ಲವಲ್ಲ. ಅವರ ಕುತ್ತಿಗೆ ನೋಡುವ ಅಭ್ಯಾಸವೂ ಬಿಡ್ಲಿಲ್ಲ. ಒಂದೊಂದು ಹಾಡು ಮುಗಿದಾಗಲೂ, ಇದೊಂದು ದಾಟಿತು ಅಂತ.

ರಂಜಾನಿನ ಹಿಂದಿನ ಶುಕ್ರವಾರ, ಕೊನೆಯದ್ದು. ಹಾಡು ಮುಗೀತು. ಆ ಹುಡುಗಿಯ ಸ್ವರ ಇನ್ನೂ ಮೇಲೆ ಎಳೀತಾ ಇತ್ತು, ಅವರು ಅದನ್ನು ನಿಲ್ಲಿಸ್ಬೇಡ ಅಂತ ಕಣ್ಣಲ್ಲೇ ಹೇಳಿದ್ರು. ಪದ್ಧತಿಯ ಪ್ರಕಾರ ಹೆಸರು ಹೇಳುವ ಹೊತ್ತು. "ಸೌಂಡಿನಲ್ಲಿ ಲ್ಯಾನ್ಸಿ" ಅಂದ್ರು. ನಾಲ್ಕು ಜನ ಚಪ್ಪಾಳೆ ಹೊಡೆದ್ರು. ಮತ್ತೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಪರದೆಯ ಕಡೆ ಅರ್ಧ ತಿರುಗಿ, "ಹಿಂದೆ ಹಾಡಿದವಳು, ಡೊರೀನ್" ಅಂದ್ರು.

ಬೋರ್ಡಿನಲ್ಲಿ ಇದ್ದ ಹೆಸರೇ ಅಲ್ವಾ ಅಂತ ಯಾರೂ ಯೋಚಿಸ್ಲಿಲ್ಲ. ಇಡೀ ಹಾಲು ಪರದೆಯ ಕಡೆ ತಿರುಗಿ ಚಪ್ಪಾಳೆ ಹೊಡೀತು. ಕೆಲವರು ಎದ್ದು ಕುತ್ತಿಗೆ ಉದ್ದ ಮಾಡಿ, ಆ ಹುಡುಗಿ ಹೊರಗೆ ಬರ್ತಾಳಾ ಅಂತ ಕಾದ್ರು. ಬಾಗಿಲ ಹತ್ತಿರ ಜಾರ್ಜ್ ಸರೂ ಅತ್ಲಾಗೇ ನೋಡ್ತಿದ್ರು. ಡೊರೀನ್ ಬಾಯಿ ಜನರಿಗೆ ಬೆನ್ನು ಹಾಕಿ ನಿಂತು ಎಲ್ಲರಿಗಿಂತ ಜೋರು ಚಪ್ಪಾಳೆ ಹೊಡೀತಿದ್ರು.

ಪರದೆಯ ಹಿಂದೆ ನಾನೊಬ್ಬನೇ. ಹೆಬ್ಬೆರಳು ಗುಂಡಿ ಮೇಲೆ. ಚಪ್ಪಾಳೆ ನಿಲ್ಲುವವರೆಗೆ ಇಳಿಸ್ಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ.